ಮೂರನೇ ಪಿರಿಯಡ್ ಖಾಲಿ ಇಲ್ಲ

ಆ ಬೆಳಿಗ್ಗೆ ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಮೂವರಿದ್ದೆವು. ಕಿಟಕಿಯ ಪಕ್ಕದಲ್ಲಿ ಹೆಡ್ ಮಾಸ್ತರರು, ಅಲ್ಮಾರಿಗೆ ಬೆನ್ನು ಕೊಟ್ಟು ಹಿಂದಿ ಟೀಚರ್, ಬಾಗಿಲಿನ ಎದುರಿನ ಮೇಜಿಗೆ ನಾನು. ಡ್ರಿಲ್ ಮಾಸ್ತರರು ಅಂಗಳದಲ್ಲಿ ನಿಂತು ಬಿಸಿಯೂಟದ ಡ್ರಮ್ಮಿಗೆ ಟ್ಯಾಂಕರ್ ನೀರು ಹಿಡಿಸುತ್ತಿದ್ದರು. ಎರಡನೇ ಪಿರಿಯಡ್ ಮುಗಿದ ಗಂಟೆ ಹೊಡೆದಿತ್ತಷ್ಟೆ. ಹೆಡ್ ಮಾಸ್ತರರು ಒಂದು ಕಟ್ಟು ಕಾಗದವನ್ನು ನನ್ನ ಕಡೆ ಸರಿಸಿದರು.

“ಟೀಚರ್, ಮೂರನೇದು ನಿಮ್ದು ಖಾಲಿ ಅದಲ್ರಿ. ಈ ಟ್ಯಾಂಕರ್ ಯಾದಿ ಜರಾ ಛಂದ ಅಕ್ಷರದಾಗ ಬರದು ಕೊಡ್ರಿ. ಪಂಚಾಯ್ತಿ ಕಂಪ್ಯೂಟರ್ ಕೆಟ್ಟದಂತ.”

“ಖಾಲಿ ಇಲ್ಲರಿ ಸರ್,” ಎಂದೆ.

ಅವರು ಕನ್ನಡಕ ತೆಗೆದು ಗೋಡೆಯ ಮೇಲಿನ ವೇಳಾಪಟ್ಟಿ ನೋಡಿದರು. ಕನ್ನಡಕ ಹಾಕಿಕೊಂಡು ಮತ್ತೊಮ್ಮೆ ನೋಡಿದರು. ನನ್ನ ಹೆಸರಿನ ಎದುರು, ಮೂರನೇ ಪಿರಿಯಡ್ಡಿನ ಚೌಕದಲ್ಲಿ, ಒಂದು ಬಿಳಿ ಚೀಟಿ ಅಂಟಿಕೊಂಡಿತ್ತು. ಅಂದು ಎಲ್ಲರಿಗಿಂತ ಮೊದಲು ಬಂದು ನಾನೇ ಅಂಟಿಸಿದ್ದು. ಗೋಂದು ಇರಲಿಲ್ಲ, ಡಬ್ಬಿಯ ಅನ್ನದ ನಾಲ್ಕು ಅಗುಳೇ ಗೋಂದು. ಚೀಟಿಯ ಮೇಲೆ ‘ತಯಾರಿ’ ಎಂದು ಬರೆದಿದ್ದೆ.

“ಇದೇನ್ರಿ ಹೊಸಾ ಸಬ್ಜೆಕ್ಟು?”

“ಹಳೇದೇ ಸರ್. ಹೆಸರು ಇಟ್ಟಿದ್ದಿಲ್ಲ, ಇವತ್ತು ಇಟ್ಟೇನಿ.”

ಹಿಂದಿ ಟೀಚರ್ ಹಣೆಯ ವಿಭೂತಿ ಅಳಿಸದ ಹಾಗೆ ಸೆರಗಿನಿಂದ ಬೆವರು ಒರೆಸಿಕೊಂಡು ನಕ್ಕರು. “ನಿನ್ನ ಡಬ್ಬ್ಯಾಗ ಇನ್ನಾ ನಾಕ್ ಅಗುಳ ಇದ್ದಿದ್ರ ಸಾಲಿ ಹೆಸರೂ ಬದಲ ಆಗ್ತಿತ್ತು ನೋಡವ್ವ.”

ನಾನು ನಗಲಿಲ್ಲ. ನಗುವುದು ನನ್ನ ಸ್ವಭಾವ, ಅಂದು ಮಾತ್ರ ಬರಲಿಲ್ಲ.

ಊರಿನ ಹೆಸರು ಬೇಡ. ಔರಾದದ ಕಡೆಯ ಡಾಬಕಾದಿಂದಲೂ ಆಚೆ, ಗಡಿಗೆ ಎಷ್ಟು ಹತ್ತಿರವೆಂದರೆ ಬಸ್ಸಿನಿಂದ ಇಳಿದ ಕೂಡಲೇ ಮೊಬೈಲು ನನ್ನನ್ನು ಮಹಾರಾಷ್ಟ್ರಕ್ಕೆ ಸ್ವಾಗತಿಸುತ್ತಿತ್ತು. ನನ್ನ ತವರು ಬೀದರ. ವಾರವಿಡೀ ಔರಾದದ ಬಾಡಿಗೆ ಕೋಣೆಯಲ್ಲಿದ್ದು, ಆರರಿಂದ ಎಂಟನೇ ತರಗತಿಗಳಿಗೆ ಗಣಿತ ಕಲಿಸಲು ಈ ಊರಿಗೆ ಬರುತ್ತಿದ್ದೆ. ಬರದ ಎರಡನೇ ವರ್ಷ ಅದು. ಬಾವಿಗಳಲ್ಲಿ ನೀರಿರಲಿಲ್ಲ, ಊರಿನಲ್ಲಿ ಅರ್ಧ ಜನ ಇರಲಿಲ್ಲ.

ಆ ಚೌಕದ ಕಥೆಯಲ್ಲಿ ತಪ್ಪು ನನ್ನದೇ, ಅದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನನ್ನ ಅಕ್ಷರ ದುಂಡಗೆಂದು ಪ್ರತಿ ಜೂನಿನಲ್ಲಿ ವೇಳಾಪಟ್ಟಿ ಬರೆಯುವ ಕೆಲಸ ನನ್ನ ಪಾಲಿಗೆ ಬರುತ್ತಿತ್ತು. ಪಾಠವಿಲ್ಲದ ಪಿರಿಯಡ್ಡಿನ ಚೌಕದಲ್ಲಿ ‘ಖಾಲಿ’ ಎಂದು ಬರೆಯುವುದು ರೂಢಿ. ಹಿಂದಿನವರು ಬರೆದರು, ನಾನೂ ಬರೆದೆ. ನಮ್ಮ ಸೀಮೆಯಲ್ಲಿ ಈ ಮಾತು ಎಲ್ಲದಕ್ಕೂ ಆಗುತ್ತದೆ. ಗ್ಲಾಸು ಖಾಲಿ, ಬಸ್ಸಿನ ಸೀಟು ಖಾಲಿ. ಮನುಷ್ಯರಿಗೂ ಬಿಟ್ಟಿಲ್ಲ, ‘ಖಾಲಿ ಕುಂತಿಯೇನು?’ ಎಂದರೆ ಕೆಲಸವಿಲ್ಲದೆ ಕಾಲ ಕಳೆಯುತ್ತಿದ್ದೀಯಾ ಎಂದರ್ಥ. ಹೀಗಾಗಿ ಆ ಚೌಕ ಕಂಡವರಿಗೆಲ್ಲ ಅಲ್ಲಿ ಏನಾದರೊಂದು ತುಂಬಬೇಕು ಎನ್ನಿಸುತ್ತಿತ್ತು. ಮೊದಲು ಮೊಟ್ಟೆಯ ರಿಜಿಸ್ಟರು ಬಂತು, ಬರ ಬಿದ್ದ ಮೇಲೆ ಮೇವಿನ ಕೇಂದ್ರದ ದನಗಳ ಯಾದಿ ಬಂತು, ಆಮೇಲೆ ಯಾವ ಮನೆಗೆ ಎಷ್ಟು ಕೊಡ ನೀರೆಂಬ ಟ್ಯಾಂಕರ್ ಯಾದಿ. ಕೊನೆಗೆ ಬಂದದ್ದು ಊರು ಬಿಟ್ಟು ಹೋದವರ ಯಾದಿ. ನನ್ನ ತರಗತಿಯ ಮಕ್ಕಳ ಹೆಸರುಗಳನ್ನೇ ನನ್ನ ದುಂಡಗಿನ ಅಕ್ಷರದಲ್ಲಿ, ಅವರಿಗೆ ಪಾಠ ಸಿದ್ಧಮಾಡಬೇಕಾಗಿದ್ದ ಹೊತ್ತಿನಲ್ಲಿ ಬರೆದುಕೊಟ್ಟೆ. ಅಂದು ಕೂಡ ನನಗೆ ಏನೂ ಹೊಳೆಯಲಿಲ್ಲ ಎಂದರೆ ನೀವು ನಂಬಬೇಕು.

ಹೊಳೆದದ್ದು ಸಂಕ್ರಾಂತಿಯ ನಂತರ. ದಸರೆ ಮುಗಿದ ಮೇಲೆ ನಮ್ಮ ಕಡೆಯ ಟೋಳಿಗಳು ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಹೋಗುತ್ತವೆ. ಒಂದೊಂದು ಟೋಳಿಯಲ್ಲಿ ಹತ್ತಾರು ಜೋಡಿ ಗಂಡ ಹೆಂಡತಿ, ಅವರ ಜೊತೆಗೆ ಅವರ ಮಕ್ಕಳು. ಬರುವುದು ಬೇಸಿಗೆಗೆ. ಆ ವರ್ಷ ಅಲ್ಲಿಯ ಕಬ್ಬೂ ಒಣಗಿ ಕಾರ್ಖಾನೆಗಳು ಬೇಗ ಮುಚ್ಚಿದವು. ಟೋಳಿಗಳು ಜನವರಿಯಲ್ಲೇ ಮರಳಿದವು. ಒಂದು ಸೋಮವಾರ ಏಳನೇ ತರಗತಿಗೆ ಕಾಲಿಟ್ಟರೆ ಹಿಂದಿನ ಎರಡು ಸಾಲು ತುಂಬಿಕೊಂಡಿವೆ, ಹನ್ನೊಂದು ಮಕ್ಕಳು. ಅವರು ಹೋದಾಗ ನಾವು ಭಿನ್ನರಾಶಿಯಲ್ಲಿದ್ದೆವು, ಬಂದಾಗ ಸಮೀಕರಣದಲ್ಲಿದ್ದೇವೆ.

ಅವರಲ್ಲಿ ಒಬ್ಬ ಹುಡುಗಿ, ಎತ್ತರದವಳು, ಮುಂಗೈ ತುಂಬ ಕಬ್ಬಿನ ಗರಿ ಕೊಯ್ದ ಗೆರೆಗಳು. ಮೂರನೇ ದಿನ ಎದ್ದು ನಿಂತು ಕೇಳಿದಳು. “ಟೀಚರ್, ಈ ಎಕ್ಸ್ ಅಂದ್ರ ಯಾರ್ರಿ?”

ತರಗತಿಯೆಲ್ಲ ನಕ್ಕಿತು. ನಾನು ಯಾದಿ ಬರೆದು ಬೆರಳಿಗೆ ಶಾಯಿ ಅಂಟಿಸಿಕೊಂಡು ಆಗಷ್ಟೇ ಓಡಿ ಬಂದಿದ್ದೆ, ಆ ಹನ್ನೊಂದು ಮಂದಿಗೆಂದು ಏನನ್ನೂ ತಂದಿರಲಿಲ್ಲ. “ಆಮ್ಯಾಲ ಹೇಳ್ತೇನಿ, ಕುಂದ್ರು,” ಎಂದೆ. ಆ ‘ಆಮೇಲೆ’ ಎಂಟು ದಿನವಾದರೂ ಬರಲಿಲ್ಲ. ಒಂಬತ್ತನೇ ದಿನ ಅವಳ ತಾಯಿ ಬಸ್ ನಿಲ್ದಾಣದ ಹತ್ತಿರ ಸಿಕ್ಕಳು. ಜಗಳವಾಡಲಿಲ್ಲ, ದೂರಲಿಲ್ಲ.

“ಟೀಚರ್, ಅಕಿಗಿ ಏನ್ ಭಿ ತಿಳೀವಲ್ದಂತ್ರಿ. ಖಾಲಿ ಕುಂದ್ರಲಾಕ ಸಾಲಿ ಯಾಕ ಬೇಕ್ರಿ? ಯುಗಾದಿ ಆದ ಮ್ಯಾಲ ನಾವು ಹೈದರಾಬಾದಿಗಿ ಬಿಲ್ಡಿಂಗ್ ಕೆಲಸಕ್ಕ ಹೋಗ್ತೇವಿ. ಅಕಿಗಿ ಭಿ ಒಯ್ತೇವಿ.”

“ಇನ್ನುಳದ ಮಕ್ಕಳು?”

“ಅವ್ರ ಅವ್ವ ಅಪ್ಪ ಭಿ ಹಂಗೇ ಅಂಬ್ಲತ್ಯಾರ್ರಿ.”

ಔರಾದಕ್ಕೆ ಹೋಗುವ ಬಸ್ಸಿನಲ್ಲಿ ಕುಳಿತು ಲೆಕ್ಕ ಹಾಕಿದೆ. ಯುಗಾದಿಗೆ ಎರಡು ತಿಂಗಳ ಮೇಲೆ ಸ್ವಲ್ಪ. ಏಳನೇ ತರಗತಿಯ ಗಣಿತ ನಾಲ್ಕನೇ ಪಿರಿಯಡ್. ಅದರ ಹಿಂದಿನ ನಲವತ್ತು ನಿಮಿಷ ನನ್ನ ಕೈಯಲ್ಲಿದ್ದರೆ ಈ ಹನ್ನೊಂದು ಮಂದಿಗೆ ಬೇರೆ ದಾರಿಯೊಂದನ್ನು ಮಾಡಿಕೊಡಬಹುದು. ಇಲ್ಲದಿದ್ದರೆ ಅವರು ಹೋಗುತ್ತಾರೆ, ಹೋದವರ ಯಾದಿಯನ್ನು ಮತ್ತೆ ನಾನೇ ಬರೆಯುತ್ತೇನೆ. ಮರುದಿನ ಬೆಳಿಗ್ಗೆ ಚೀಟಿ ಅಂಟಿಸಿದೆ.

ಈಗ ಸ್ಟಾಫ್ ರೂಮಿಗೆ ಬರೋಣ. ಹೆಡ್ ಮಾಸ್ತರರು ಕೆಟ್ಟವರಲ್ಲ. ಮೇಲಿನವರ ಫೋನು ಬಂದರೆ ಕುರ್ಚಿಯಿಂದ ಎದ್ದು ನಿಂತು ಮಾತಾಡುವ ಮನುಷ್ಯ, ಅಷ್ಟೆ.

“ಇಷ್ಟು ದಿನ ಬರದ್ರಿ, ಇವತ್ತೇನಾತ್ರಿ ಟೀಚರ್? ನಾ ಏನ್ ನನ್ನ ಮನಿ ಕೆಲಸ ಹೇಳ್ಳತ್ತೇನೇನ್ರಿ? ಊರಿಗಿ ನೀರು ಬ್ಯಾಡೇನ್ರಿ?”

“ಬೇಕ್ರಿ ಸರ್. ಸಾಲಿ ಬಿಟ್ಟ ಮ್ಯಾಲ ಬಸ್ ಬರೋ ತನಕ ಅರ್ಧಾ ತಾಸು ಅದ. ಆಗ ಬರೀತೇನಿ, ಛಂದ ಅಕ್ಷರದಾಗೇ ಬರೀತೇನಿ. ಮೂರನೇದ್ರಾಗ ಮಾತ್ರ ಇಲ್ಲ.”

“ನಾ ಹೇಳಿದ್ರೂ ಇಲ್ಲೇನ್ರಿ?”

“ಹೇಳಬ್ಯಾಡ್ರಿ ಸರ್, ಬರದು ಕೊಡ್ರಿ. ಪಾಠದ ತಯಾರಿ ಬಿಟ್ಟು ಯಾದಿ ಬರೀಬೇಕು ಅಂತ ಹುಕುಂ ಬರದು ಸಹಿ ಮಾಡ್ರಿ.”

ಅವರು ಪೆನ್ನು ತೆಗೆದರು, ಮುಚ್ಚಳ ಬಿಚ್ಚಿದರು, ಮತ್ತೆ ಮುಚ್ಚಿ ಜೇಬಿಗಿಟ್ಟರು. ಅಂಥ ವಾಕ್ಯವನ್ನು ಬರೆದು ಕೆಳಗೆ ಸಹಿ ಹಾಕಲು ಯಾರ ಕೈಗೂ ಧೈರ್ಯವಿರುವುದಿಲ್ಲ. ಬಾಯಿಗೆ ಮಾತ್ರ ಇರುತ್ತದೆ. ನಾನು ಏಳನೇ ತರಗತಿಯ ನೋಟ್‌ಬುಕ್ಕುಗಳನ್ನು ಎದುರಿಗಿಟ್ಟುಕೊಂಡು ಕುಳಿತೆ. ಸಂಜೆ ಬಸ್ಸು ಬರುವ ಮೊದಲು ಟ್ಯಾಂಕರ್ ಯಾದಿ ಮುಗಿಸಿ ಅವರ ಮೇಜಿನ ಮೇಲಿಟ್ಟೆ. ಒಂದು ಮನೆಯೂ ಬಿಟ್ಟುಹೋಗಿರಲಿಲ್ಲ.

ಹೀಗೆ ಎರಡು ವಾರ ನಡೆಯಿತು. ಮೂರನೇ ವಾರ ಮೇಲಿನ ಕಚೇರಿಯಿಂದ ನನ್ನ ಹೆಸರಿಗೆ ಒಂದು ನೋಟಿಸು ಬಂತು. ಕರ್ತವ್ಯ ನಿರಾಕರಿಸಿದ್ದೀರಿ, ಸೋಮವಾರ ಹಾಜರಾಗಿ ವಿವರಣೆ ಕೊಡಿ ಎಂದು.

ಭಾನುವಾರ ಬೀದರಿಗೆ ಹೋದೆ. ನಮ್ಮ ಮುತ್ಯಾ, ಅಂದರೆ ತಂದೆಯ ತಂದೆ, ಕಚೇರಿಯ ಮುಂದಿನ ಬೇವಿನ ಮರದ ಕೆಳಗೆ ಕುಳಿತು ಜನರಿಗೆ ಅರ್ಜಿ ಬರೆದುಕೊಡುತ್ತಿದ್ದವರು. ಮೊದಲು ಉರ್ದುವಿನಲ್ಲಿ, ಆಮೇಲೆ ಕನ್ನಡದಲ್ಲಿ. ನಮ್ಮ ಕೇರಿಯವರು ಕಚೇರಿಯ ಮೆಟ್ಟಿಲು ಹತ್ತಲು ಅಂಜುತ್ತಿದ್ದ ಕಾಲದಲ್ಲಿ ಮುತ್ಯಾ ಬರೆದ ಕಾಗದ ಮೆಟ್ಟಿಲು ಹತ್ತಿ ಹೋಗುತ್ತಿತ್ತು. ನಾನು ಮಾತು ಕಲಿತದ್ದು ಅವರ ಮಗ್ಗುಲಲ್ಲಿ ಕುಳಿತು. “ಅರ್ಜಿದಾಗ ಅಳಬ್ಯಾಡ,” ಎನ್ನುತ್ತಿದ್ದರು. “ಅಳೋದಿದ್ರ ಮನ್ಯಾಗ ಅತ್ತು ಮುಖಾ ತೊಳಕೊಂಡು ಬಾ. ಏನು ಬೇಕು ಅಂತ ಮೊದಲನೇ ಸಾಲಿನಾಗೇ ಬರಿ. ‘ದಯಮಾಡಿ’ ಅನ್ನೋದು ಒಂದೇ ಸಲ. ಎರಡನೇ ಸಲ ಬರದ್ರ ಓದವನು ಆರಾಮಾಗಿ ಒರಗಿ ಕುಂದರ್ತಾನ.” ಆ ಭಾನುವಾರ ಅವರಿರಲಿಲ್ಲ, ಹೋಗಿ ಬಹಳ ವರ್ಷವಾಗಿತ್ತು. ಅವರು ಕುಳಿತಿರುತ್ತಿದ್ದ ಬೀದಿಯಲ್ಲೇ ಇದ್ದ ಅಂಗಡಿಯಲ್ಲಿ ಶಿಕ್ಷಣ ಹಕ್ಕಿನ ಕಾಯ್ದೆಯ ಪ್ರತಿ ಕೊಂಡು, ಮನೆಯ ಮಾಳಿಗೆಯ ಮೇಲೆ ಕುಳಿತು ಓದಿದೆ.

ಬಹಳ ಹುಡುಕಬೇಕಾಗಲಿಲ್ಲ. ಶಿಕ್ಷಕರ ಕೆಲಸ ವಾರಕ್ಕೆ ನಲವತ್ತೈದು ಗಂಟೆ, ಅದರಲ್ಲಿ ತಯಾರಿಯ ಗಂಟೆಗಳೂ ಸೇರಿವೆ ಎಂದು ಕೊನೆಯ ಪಟ್ಟಿಯಲ್ಲಿತ್ತು. ಜನಗಣತಿ, ಚುನಾವಣೆ, ವಿಪತ್ತು ಪರಿಹಾರ ಬಿಟ್ಟರೆ ಶಿಕ್ಷಣಕ್ಕೆ ಸಂಬಂಧವಿಲ್ಲದ ಕೆಲಸಕ್ಕೆ ಅವರನ್ನು ಹಚ್ಚಬಾರದು ಎಂದು ಇನ್ನೊಂದು ಕಡೆ. ಮೂರನೇ ಪಿರಿಯಡ್ ಯಾರೂ ಮುಟ್ಟಬಾರದು ಎಂದು ಎಲ್ಲೂ ಇರಲಿಲ್ಲ. ಇಲ್ಲದ್ದನ್ನು ಇದೆ ಎಂದು ಹೇಳುವ ಮನಸ್ಸೂ ನನಗಿರಲಿಲ್ಲ. ಆದರೂ ಆ ಒಂದು ಮಾತು ಸಾಕಾಯಿತು. ತಯಾರಿ ಕೆಲಸ. ಕಾಯ್ದೆ ಅದನ್ನು ಕೆಲಸವೆಂದು ಎಣಿಸಿದೆ. ನಾನೇ ಅದನ್ನು ಖಾಲಿ ಎಂದು ಬರೆಯುತ್ತಾ ಬಂದಿದ್ದೇನೆ.

ಸೋಮವಾರ ಹಿಂದಿ ಟೀಚರ್ ರಜೆ ಹಾಕಿ ನನ್ನ ಜೊತೆ ಬಂದರು. ಅವರು ಭಾಲ್ಕಿಯವರು, ನನಗಿಂತ ಹದಿನೈದು ವರ್ಷ ಹಿರಿಯರು, ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಮೊದಲ ವಾರ ನನ್ನನ್ನೇ ಬೈದಿದ್ದರು. “ಬರದಾಗ ಎಲ್ಲಾರೂ ಕೈ ಹಚ್ಚಬೇಕವ್ವ, ಕಾಯಕ ಅಂದ್ಕೊಂಡು ಮಾಡು.” ಆಮೇಲೆ ಒಂದು ದಿನ ನಾನು ಹನ್ನೊಂದು ಮಕ್ಕಳಿಗೆ ಹನ್ನೊಂದು ಬಗೆಯ ಲೆಕ್ಕದ ಹಾಳೆ ಮಾಡುವುದನ್ನು ಕಂಡು, “ಇದೇ ನೋಡವ್ವ ನಿನ್ನ ಕಾಯಕ. ಅದು ಪಂಚಾಯ್ತಿಯವ್ರದ್ದು,” ಎಂದಿದ್ದರು.

ಯಾವ ಕಚೇರಿ, ಯಾವ ಸಾಹೇಬರು ಎಂದು ಹೇಳುವುದಿಲ್ಲ. ಸಾಹೇಬರು ಈಗ ಮೊಮ್ಮಕ್ಕಳನ್ನು ಆಡಿಸುತ್ತಿರಬಹುದು, ಆಡಿಸಲಿ. ಹೆಡ್ ಮಾಸ್ತರರು ಅವರ ಎಡಕ್ಕೆ ನೆಲ ನೋಡುತ್ತ ಕುಳಿತಿದ್ದರು.

“ಕೆಲಸ ಮಾಡಾಕ ಒಲ್ಲೆ ಅಂದ್ರಂತಲ್ರಿ?” ಎಂದರು ಸಾಹೇಬರು.

“ಇಲ್ಲರಿ ಸರ್. ಕೆಲಸ ಮಾಡಾಕ ಬಿಡ್ರಿ ಅಂದೇನಿ.”

“ಬರ ಅಂದ್ರ ವಿಪತ್ತು ಅಲ್ಲೇನ್ರಿ? ಕಾಯ್ದೆ ಓದಿ ಬಂದೀರಿ ಅನಸ್ತದ, ಅದನ್ನ ಭಿ ಓದೀರಿಲ್ಲೋ?”

“ಓದೇನ್ರಿ. ಅದಕ್ಕ ಯಾದಿ ಬರೀಲಾಕ ಇಲ್ಲ ಅಂದಿಲ್ಲ. ದಿನಾ ಸಂಜಿಗಿ ಬರದು ಕೊಟ್ಟೇನಿ, ಹೆಡ್ ಮಾಸ್ತರರಿಗಿ ಕೇಳ್ರಿ. ಒಂದ್ ದಿನ ತಪ್ಪಿದ್ರ ಹೇಳ್ರಿ.”

ಹೆಡ್ ಮಾಸ್ತರರು ನೆಲದಿಂದ ಕಣ್ಣೆತ್ತದೆ, “ತಪ್ಪಿಲ್ಲರಿ ಸಾಹೇಬ್ರ,” ಎಂದರು.

“ತಯಾರಿ ಮನ್ಯಾಗ ಮಾಡ್ಕೊಂಡು ಬರ್ಲಾಕ ಏನಾಗ್ತದ್ರಿ ನಿಮಗ?”

“ಮನ್ಯಾಗ ಭಿ ಮಾಡ್ತೇನ್ರಿ. ಖರೆ, ವಾರದ ತಾಸಿನಾಗ ತಯಾರಿ ಎಣಸ್ಯಾರ ಅಂದ ಮ್ಯಾಲ ದಿನದಾಗ ಎಲ್ಲೋ ಒಂದ್ ಕಡಿ ಅದು ಇರಬೇಕಲ್ರಿ ಸರ್. ಮೂರನೇದು ಬ್ಯಾಡಂದ್ರ ಎಷ್ಟನೇದು ಅಂತ ನೀವೇ ತೋರಸ್ರಿ. ಅಲ್ಲೇ ಕುಂದರ್ತೇನಿ.”

ಸಾಹೇಬರು ಫೈಲು ಬಿಚ್ಚಿ ಒಂದು ಹಾಳೆಯನ್ನು ನನ್ನ ಕಡೆ ತಿರುಗಿಸಿದರು. ಜೂನಿನಲ್ಲಿ ಕಚೇರಿಗೆ ಕಳಿಸಿದ್ದ ವೇಳಾಪಟ್ಟಿಯ ಪ್ರತಿ. “ಇದು ಯಾರ ಅಕ್ಷರ್ರಿ?”

ಮೂರನೇ ಪಿರಿಯಡ್ಡಿನ ಚೌಕದಲ್ಲಿ ನನ್ನ ದುಂಡಗಿನ ‘ಖಾಲಿ’ ಕುಳಿತಿತ್ತು. ಕೆಳಗೆ ನನ್ನ ಸಹಿ. ಶಾಲೆಯ ಗೋಡೆಯ ಮೇಲೆ ಅನ್ನದ ಅಗುಳಿನಿಂದ ಮುಚ್ಚಿಬಂದದ್ದು ಇಲ್ಲಿ ಹಗಲಿನ ಬೆಳಕಿನಲ್ಲಿ ತೆರೆದುಕೊಂಡಿತ್ತು.

“ನೀವೇ ಖಾಲಿ ಅಂತ ಬರದು ಸಹಿ ಮಾಡೀರಿ. ಸರ್ಕಾರಿ ಕಾಗದ ಸುಳ್ಳ ಹೇಳ್ತದೇನ್ರಿ ಈಗ?”

ಆಗ ಹಿಂದಿ ಟೀಚರ್ ಕುರ್ಚಿಯನ್ನು ಕಿರ್‍ರೆನ್ನಿಸಿ ಮುಂದೆ ಎಳೆದುಕೊಂಡರು. “ಸಾಹೇಬ್ರ, ಒಂದ್ ಮಾತು ಹೇಳ್ಲೇನ್ರಿ? ಈಗ ಬರುವಾಗ ನೋಡಿದ್ದು. ಟ್ಯಾಂಕರ್ ಬರೋ ಜಾಗಾದಾಗ ಕೊಡಗೋಳು ಸಾಲ ಹಚ್ಚಿ ಇಟ್ಟಾರ್ರಿ ಹೆಣ್ಮಕ್ಕಳು. ಎಲ್ಲಾ ಖಾಲಿ ಕೊಡಾ. ಖಾಲಿ ಅವಲ್ಲ ಅಂತ ನೀವು ಒಂದ್ ಕೊಡಾ ಎತ್ಕೊಂಡು ಹೋಗಿ ಜ್ವಾಳಾ ತುಂಬ್ಕೋತೀರೇನ್ರಿ? ತುಂಬಿ ನೋಡ್ರಿ, ಆ ಹೆಣ್ಮಕ್ಕಳು ನಿಮಗ ಮನಿ ತನಕ ಬಿಟ್ಟು ಬರ್ತಾರ.”

ಹೆಡ್ ಮಾಸ್ತರರು ಕೆಮ್ಮಿದರು. ಅದು ನಗೆಯೆಂದು ಎಲ್ಲರಿಗೂ ಗೊತ್ತಾಯಿತು.

“ಖಾಲಿ ಕೊಡಾ ನೀರಿಗಿ ಇಟ್ಟದ್ದು ಸಾಹೇಬ್ರ,” ಎಂದರು ಹಿಂದಿ ಟೀಚರ್, ಈ ಸಲ ಮೆಲ್ಲಗೆ. “ಈಕಿ ಖಾಲಿ ಅಂತ ಬರದದ್ದು ತಪ್ಪು. ಖರೆ ಆ ಕೊಡಾ ಮಕ್ಕಳದು.”

ನಾನು ಆ ಹಾಳೆಯನ್ನು ನನ್ನ ಕಡೆ ಎಳೆದುಕೊಂಡೆ. “ಅಕ್ಷರ ನಂದೇ ಸರ್. ತಪ್ಪು ಭಿ ನಂದೇ. ಇವತ್ತೇ ತಿದ್ದಿ ಕೊಡ್ತೇನಿ, ತಗೊಳ್ರಿ.” ಅಲ್ಲೇ ಒಂದು ಹಾಳೆ ಕೇಳಿ ಪಡೆದು ಬರೆದೆ. ಮೊದಲ ಸಾಲಿನಲ್ಲೇ, ವೇಳಾಪಟ್ಟಿಯಲ್ಲಿ ‘ಖಾಲಿ’ ಎಂದಿರುವ ಕಡೆ ‘ತಯಾರಿ’ ಎಂದು ಓದಿಕೊಳ್ಳಬೇಕು ಎಂದು. ಎರಡನೇ ಸಾಲಿನಲ್ಲಿ, ಆ ಅವಧಿಯಲ್ಲಿ ಬೇರೆ ಕೆಲಸ ಕೊಡುವುದಾದರೆ ಲಿಖಿತ ಆದೇಶ ಕೊಡಬೇಕು ಎಂದು. ಹಿಂದಿ ಟೀಚರ್ ಕೇಳದೆಯೇ ಪೆನ್ನು ಕಿತ್ತುಕೊಂಡು ನನ್ನ ಸಹಿಯ ಕೆಳಗೆ ತಮ್ಮ ಸಹಿ ಹಾಕಿದರು.

ಸಾಹೇಬರು ಓದಿದರು. “ಭಾಳ ಮಾತಾಡ್ತೀರಿ. ಹಲಬರ್ಗಾದ ಕಡಿ ಒಂದ್ ಜಾಗಾ ಖಾಲಿ ಅದ. ಹಾಕ್ಲೇನ್ರಿ ಅಲ್ಲಿಗಿ?”

“ಹಾಕ್ರಿ ಸರ್. ಔರಾದಕ್ಕಂತೂ ರೈಲಿಲ್ಲ, ಅಲ್ಲಿಗಿ ಅದ. ಬೀದರಿಂದ ದಿನಾ ಕುಂತು ಬರ್ತೇನಿ.”

ಅವರು ನಗಲಿಲ್ಲ, ಸಿಟ್ಟಾಗಲೂ ಇಲ್ಲ. ನನ್ನ ಹಾಳೆಯನ್ನು ಫೈಲಿನಲ್ಲಿ ಸೇರಿಸಿ ದಾರ ಕಟ್ಟಿದರು. “ಹೋಗ್ರಿ. ನೋಡ್ತೇನಿ.” ಆ ನೋಡುವಿಕೆಗೆ ಇಂದಿನವರೆಗೂ ಉತ್ತರ ಬಂದಿಲ್ಲ. ಮೂರನೇ ಪಿರಿಯಡ್ಡಿನಲ್ಲಿ ಯಾದಿ ಬರೆಯಿರಿ ಎಂಬ ಲಿಖಿತ ಆದೇಶವೂ ಬರಲಿಲ್ಲ. ಅದು ಬಾರದಿರುವವರೆಗೆ ಆ ನಲವತ್ತು ನಿಮಿಷ ನನ್ನದೆಂದು ನಾನು ತೀರ್ಮಾನಿಸಿದೆ. ಫೋನು ಬಂದರೆ ಹೆಡ್ ಮಾಸ್ತರರು ನನ್ನ ಕಡೆ ನೋಡುವರು, ನಾನು ತಲೆ ಅಲ್ಲಾಡಿಸುವೆ, ಅವರು ನಿಂತುಕೊಂಡೇ, “ಸಂಜಿಗಿ ಕಳಸ್ತೇನ್ರಿ ಸಾಹೇಬ್ರ,” ಎನ್ನುವರು.

ಆ ನಿಮಿಷಗಳಲ್ಲಿ ನಾನು ಮೊದಲು ಮಾಡಿದ್ದು ಮಕ್ಕಳಿಗೆ ಗೊತ್ತಿರುವುದನ್ನು ಬರೆದುಕೊಳ್ಳುವುದು. ಕಬ್ಬಿನ ಕಟ್ಟಿಗೆ ಅವರು ಮೋಳಿ ಎನ್ನುತ್ತಿದ್ದರು. ಟ್ರ್ಯಾಕ್ಟರಿನ ಡಬ್ಬಿಯನ್ನು ದೂರದಿಂದ ನೋಡಿಯೇ ಇನ್ನೆಷ್ಟು ಮೋಳಿ ಹಿಡಿಯುತ್ತದೆ ಎಂದು ಹೇಳಬಲ್ಲವರಾಗಿದ್ದರು. ನಾನು ಡಬ್ಬಿಯ ಚಿತ್ರ ಬರೆದೆ. ಡಬ್ಬಿಗೆ ನೂರು ಮೋಳಿ ಬೇಕು, ಅರವತ್ನಾಲ್ಕು ಏರಿವೆ, ಉಳಿದದ್ದು ಎಕ್ಸ್. ಹಾಳೆ ಕೈಗೆ ಬಂದಾಗ ಆ ಹುಡುಗಿ ಹುಬ್ಬು ಗಂಟಿಕ್ಕಿ ಒಂದು ಗಳಿಗೆ ನೋಡಿದಳು.

“ಅಂದ್ರ ಇನ್ನಾ ಕಟ್ಟಿಲ್ದ ಮೋಳಿ ಏನ್ರಿ ಎಕ್ಸ್?”

“ಹೌದವ್ವ.”

“ಮೊದ್ಲೇ ಹೇಳಬಾರ್ದೇನ್ರಿ ಟೀಚರ್! ಮೂವತ್ತಾರು!”

“ಮೊದ್ಲ ನನಗ ಭಿ ತಿಳಿದಿದ್ದಿಲ್ಲವ್ವ.”

ಅದು ಖರೆಯಾದ ಮಾತು. ತಿಳಿಯಲು ನನಗೆ ಮೂರು ದಿನದ ಮೂರನೇ ಪಿರಿಯಡ್ಡುಗಳು ಬೇಕಾಗಿದ್ದವು. ಮಾರ್ಚಿನ ಹೊತ್ತಿಗೆ ಹಿಂದಿನ ಸಾಲಿನವರು ಮುಂದಿನ ಸಾಲಿನವರ ಲೆಕ್ಕ ತಿದ್ದುತ್ತಿದ್ದರು. ಎಲ್ಲರೂ ಅಲ್ಲ. ಇಬ್ಬರು ಕೊನೆಯವರೆಗೂ ಭಿನ್ನರಾಶಿಯಲ್ಲೇ ತೊಡಕಿಕೊಂಡಿದ್ದರು, ಒಬ್ಬ ಶಾಲೆಗೇ ಸರಿಯಾಗಿ ಬರುತ್ತಿರಲಿಲ್ಲ.

ಯುಗಾದಿ ಮುಗಿದ ನಾಲ್ಕನೇ ದಿನ ಹೈದರಾಬಾದಿಗೆ ಹೋಗುವ ಟೆಂಪೋ ಊರಿಗೆ ಬಂತು. ಎರಡನೇ ಪಿರಿಯಡ್ ನಡೆದಿತ್ತು. ಆ ಹುಡುಗಿಯ ತಾಯಿ ತಲೆಯ ಮೇಲೆ ಗಂಟು ಹೊತ್ತು, ಕೈಯಲ್ಲಿ ಸಣ್ಣ ಮಗನನ್ನು ಹಿಡಿದು ಶಾಲೆಯ ಗೇಟಿನ ಹತ್ತಿರ ನಿಂತಳು. ಹುಡುಗಿ ಪಾಟೀಚೀಲದೊಂದಿಗೆ ಪಕ್ಕದಲ್ಲಿದ್ದಳು.

“ಇಕಿ ಆಯಿ ಸಂಗಟ ಇರ್ತಾಳ್ರಿ ಟೀಚರ್,” ಎಂದಳು ತಾಯಿ, ಅಜ್ಜಿಯ ಮನೆಯ ಕಡೆ ಕೈ ತೋರಿಸುತ್ತ. “ಬರಲ್ಲ ಅಂತ ಹಟಾ ಹಿಡದಾಳ.”

ಹನ್ನೊಂದು ಗಂಟೆಗೆ ಟೆಂಪೋ ಹೊರಟಿತು. ಹನ್ನೊಂದು ಮಕ್ಕಳಲ್ಲಿ ಐದು ಮಂದಿ ಅದರಲ್ಲಿ ಹೋದರು, ಆರು ಮಂದಿ ಉಳಿದರು. ಹುಡುಗಿ ಟೆಂಪೋ ತಿರುವು ದಾಟುವವರೆಗೆ ಗೇಟಿನಲ್ಲಿ ನಿಂತಿದ್ದು, ಮುಖ ತೊಳೆದುಕೊಂಡು ಒಳಗೆ ಬಂದು ಕುಳಿತಳು.